ಲಂಗದ ಚಾಪ್ಲಿನ್, ಕೋಟಿನ ಒಸ್ಸಿ: ಯಾವುದನ್ನು ಮೊದಲು ನೋಡಬೇಕು?

ಅರ್ಧ ಗಂಟೆಯಷ್ಟೇ ಬಿಡುವಿದ್ದರೆ ಚಾಪ್ಲಿನ್‌ನ ‘ಎ ವುಮನ್’ (1915) ಎಂಬ ಮೂಕಿ ಚಿತ್ರ ಸಾಕು. ಹುಡುಗಿಯ ಮನೆಯಲ್ಲಿ ಪೇಚಿಗೆ ಸಿಲುಕಿದವನು ಲಂಗ ತೊಟ್ಟು, ಆ ಪ್ರಸಿದ್ಧ ಮೀಸೆಯನ್ನೂ ಬೋಳಿಸಿಕೊಂಡು ಇಳಿದು ಬರುತ್ತಾನೆ. ಅವಳ ಅಪ್ಪನೇ ಮರುಳಾಗುತ್ತಾನೆ. ನಗು ಧಾರಾಳ. ಆದರೆ ವೇಷ ಅಲ್ಲಿ ತಪ್ಪಿಸಿಕೊಳ್ಳುವ ಉಪಾಯ ಮಾತ್ರ.

ನನ್ನ ಒಲವು ನಿರ್ದೇಶಕ ಎರ್ನ್ಸ್ಟ್ ಲೂಬಿಚ್‌ನ ಜರ್ಮನ್ ಚಿತ್ರ ‘ನಾನು ಗಂಡಾಗಲೊಲ್ಲೆ’ (1918) ಕಡೆಗೆ. ಅವಧಿ ಸುಮಾರು ಮುಕ್ಕಾಲು ಗಂಟೆ. ಸಿಗರೇಟು, ಇಸ್ಪೀಟು ಎಲ್ಲಕ್ಕೂ ಬೈಗುಳ ತಿಂದ ನಾಯಕಿ ಒಸ್ಸಿ (ನಟಿ ಒಸ್ಸಿ ಓಸ್ವಾಲ್ಡಾ) ಗಂಡಸಿನ ಕೋಟು ಹೊಲಿಸಿಕೊಂಡು ನೃತ್ಯಕೂಟಕ್ಕೆ ಹೋಗುತ್ತಾಳೆ. ಅಲ್ಲಿ ತನ್ನ ಕಟ್ಟುನಿಟ್ಟಿನ ಪಾಲಕನೊಂದಿಗೇ ಕುಡಿದು, ಮುತ್ತಿಡುತ್ತಾ ಗಾಡಿಯಲ್ಲಿ ಮರಳುತ್ತಾಳೆ. ಅವನಿಗೋ, ಪಕ್ಕದಲ್ಲಿರುವುದು ಹುಡುಗನೆಂದೇ ನಂಬಿಕೆ! ಅಂತ್ಯ ತುಸು ಸಪ್ಪೆ. ಆ ಗಾಡಿಯ ದೃಶ್ಯಕ್ಕಾಗಿ ಕ್ಷಮಿಸಬಹುದು.