ಅದೇ ಬಿಟರ್, ಬೇರೆ ಬೇರೆ ಮನೆ: ಲಂಡನ್‌ನ ನಾಲ್ಕು ಹಳೇ ಪಬ್‌ಗಳು

ಲಂಡನ್‌ಗೆ ಬರುವ ಗೆಳೆಯರು ಬಿಗ್ ಬೆನ್, ಟವರ್ ಬ್ರಿಡ್ಜ್ ಎಲ್ಲ ನೋಡಿ ಮುಗಿಸಿದ ಮೇಲೆ ಕೇಳುವ ಪ್ರಶ್ನೆ ಒಂದೇ. "ಒಳ್ಳೇ ಹಳೇ ಪಬ್ ಯಾವುದು ಮಾರಾಯ, ಒಂದೇ ಹೆಸರು ಹೇಳು." ಒಂದೇ ಹೆಸರು ಹೇಳುವುದು ಕಷ್ಟ. ನೋಡೋಕೆ ಚೆನ್ನಾಗಿರುವ ಪಬ್ ಬೇರೆ, ಏಲ್ (ಇಲ್ಲಿನ ಹಳೇ ಶೈಲಿಯ ಬಿಯರ್) ಚೆನ್ನಾಗಿರುವ ಪಬ್ ಬೇರೆ, ಎರಡೂ ಒಂದೇ ಕಡೆ ಸಿಗುವುದು ಅಪರೂಪ. ಹಾಗಾಗಿ ಫ್ಲೀಟ್ ಸ್ಟ್ರೀಟ್‌ನಿಂದ ಟ್ರಾಫಲ್ಗರ್ ಸ್ಕ್ವೇರ್ ಆಸುಪಾಸಿನ ತನಕ, ನಡೆದೇ ಸುತ್ತಬಹುದಾದ ನಾಲ್ಕು ಪಬ್‌ಗಳನ್ನು ಎದುರು ಬದುರು ಇಟ್ಟು ಹೇಳುತ್ತೇನೆ. ನಾಲ್ಕಕ್ಕೂ ಮತ್ತೆ ಮತ್ತೆ ಹೋಗಿದ್ದೇನೆ. ನಾಲ್ಕರ ಮೇಲೂ ಒಂದೊಂದು ತಕರಾರಿದೆ.

ಮೊದಲು ಏಲ್ ವಿಷಯ ಸ್ವಲ್ಪ ಗೊತ್ತಿದ್ದರೆ ಒಳ್ಳೆಯದು. ಇಲ್ಲಿ ಉದ್ದದ ಹಿಡಿಯ ಹ್ಯಾಂಡ್‌ಪಂಪ್ ಎಳೆದು ಕೊಡುತ್ತಾರಲ್ಲ, ಅದು ಕಾಸ್ಕ್ ಏಲ್. ಬ್ರೂವರಿಯಿಂದ ಪೀಪಾಯಿ ಬರುವಾಗ ಒಳಗೆ ಯೀಸ್ಟ್ ಇನ್ನೂ ಜೀವಂತ ಇರುತ್ತದೆ, ಪಬ್‌ನ ನೆಲಮಾಳಿಗೆಯಲ್ಲೇ ಇನ್ನೊಂದು ಸುತ್ತು ಹುದುಗುತ್ತದೆ. ಹೊರಗಿನಿಂದ ಗ್ಯಾಸ್ ತುಂಬುವುದಿಲ್ಲ. 11ರಿಂದ 13 ಡಿಗ್ರಿ ತಂಪಿನಲ್ಲಿ ಕೊಡುತ್ತಾರೆ. ಬ್ರಿಟಿಷರು ಬೆಚ್ಚಗಿನ ಬಿಯರ್ ಕುಡಿಯುತ್ತಾರೆ ಅಂತ ನಮ್ಮಲ್ಲಿ ಹೇಳುವ ಮಾತು ಸುಮ್ನೆ ಹಬ್ಬಿದ್ದು. ಫ್ರಿಜ್‌ನಿಂದ ತೆಗೆದ ಕಿಂಗ್‌ಫಿಷರ್ ಕುಡಿದು ರೂಢಿಯಾದ ನಾಲಿಗೆಗೆ ಹಾಗನ್ನಿಸುತ್ತದೆ, ಅಷ್ಟೇ. ಬಿಯರ್ ತೀರಾ ತಣ್ಣಗಿದ್ದರೆ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ರುಚಿ, ಹಾಪ್ಸ್ (ಬಿಯರಿಗೆ ಕಹಿ, ಘಮ ಕೊಡುವ ಹೂ) ವಾಸನೆ ಎರಡೂ ಗೊತ್ತಾಗುವುದಿಲ್ಲ.

ಇದರಲ್ಲಿ ಒಂದು ಕಷ್ಟ ಇದೆ. ಪೀಪಾಯಿ ತೆರೆದ ಮೇಲೆ ಸುಮಾರು ಮೂರು ದಿನದಲ್ಲಿ ಖಾಲಿ ಆಗಬೇಕು. ಬೆಳಿಗ್ಗೆ ಸಿಹಿಯಿದ್ದ ಈಚಲು ಕಳ್ಳು ಸಂಜೆಗೆ ಹುಳಿಯಾಗುವಷ್ಟು ಬೇಗ ಅಲ್ಲ, ಆದರೆ ದಾರಿ ಅದೇ. ಪಬ್‌ಗಳಲ್ಲಿ ಜಾಸ್ತಿ ಕಾಣುವ ಫರ್ಕಿನ್ ಪೀಪಾಯಿಯಲ್ಲಿ 9 ಗ್ಯಾಲನ್, ಅಂದರೆ 72 ಪೈಂಟ್. ಒಂದು ಪೈಂಟ್ 568 ಮಿಲಿ. ಈಗ ನೀವೇ ಲೆಕ್ಕ ಹಾಕಿ. ಕೌಂಟರ್ ಮೇಲೆ ಎಂಟು ಪಂಪ್ ಇದ್ದು ಒಳಗೆ ಆರು ಜನ ಕೂತಿದ್ದರೆ ಆ ಎಂಟರಲ್ಲಿ ಎಷ್ಟು ತಾಜಾ ಇರಲು ಸಾಧ್ಯ? ನಾನು ಯಾವ ಪಬ್‌ಗೆ ಹೋದರೂ ಪಂಪ್ ಎಷ್ಟಿವೆ, ಜನ ಎಷ್ಟಿದ್ದಾರೆ ಅಂತ ಮೊದಲು ನೋಡುತ್ತೇನೆ. ಗೋಡೆ ಮೇಲೆ ಬರೆದ ಇಸವಿ ಆಮೇಲೆ.

ಇಸವಿಯ ವಿಷಯದಲ್ಲಿ ಫ್ಲೀಟ್ ಸ್ಟ್ರೀಟ್‌ನ ಯೆ ಓಲ್ಡ್ ಚೆಷರ್ ಚೀಸ್ ಎಲ್ಲರಿಗಿಂತ ಮುಂದೆ. 1666ರ ದೊಡ್ಡ ಬೆಂಕಿಯಲ್ಲಿ ಸುಟ್ಟು 1667ರಲ್ಲಿ ಮತ್ತೆ ಕಟ್ಟಿದ್ದು. ಬಾಗಿಲು ದೊಡ್ಡ ರಸ್ತೆಗಿಲ್ಲ, ಪಕ್ಕದ ವೈನ್ ಆಫೀಸ್ ಕೋರ್ಟ್ ಅನ್ನುವ ಸಂದಿಯಲ್ಲಿದೆ. ಅಲ್ಲಿಂದ ಇಲ್ಲಿಯ ತನಕ ಆಳಿದ ರಾಜ ರಾಣಿಯರ ಪಟ್ಟಿ ಬಾಗಿಲ ಪಕ್ಕದಲ್ಲೇ ತೂಗುತ್ತದೆ. ಒಳಗೆ ಹೋದರೆ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು, ಅಷ್ಟು ಕತ್ತಲೆ. ಕಪ್ಪು ಮರ, ನೆಲಕ್ಕೆ ಮರದ ಹೊಟ್ಟು, ಚಳಿಗಾಲದಲ್ಲಿ ಉರಿಯುವ ಒಲೆ. ಒಂದು ಬಾಗಿಲ ಮೇಲೆ "ಈ ಬಾರ್‌ನಲ್ಲಿ ಗಂಡಸರಿಗೆ ಮಾತ್ರ" ಅನ್ನುವ ಹಳೇ ಬೋರ್ಡ್ ಇನ್ನೂ ಇದೆ. ಈಗ ಅದು ನೋಡೋಕಷ್ಟೇ, ಹೆಂಗಸರು ಅದರ ಕೆಳಗೇ ಕೂತು ಕುಡಿಯುತ್ತಾರೆ. ಇಲ್ಲೊಂದು ಪಾಲಿ ಅನ್ನುವ ಗಿಳಿ ಇತ್ತು. 1926ರಲ್ಲಿ ಸತ್ತಾಗ ಬೇರೆ ಬೇರೆ ದೇಶದ ಪೇಪರ್‌ಗಳಲ್ಲಿ ಅದರ ನಿಧನ ವಾರ್ತೆ ಬಂತು. ಸುತ್ತಲೂ ಪತ್ರಿಕಾ ಕಚೇರಿಗಳೇ ಇದ್ದ ಬೀದಿ, ಪತ್ರಕರ್ತರೆಲ್ಲ ಇಲ್ಲೇ ಕುಡಿಯುತ್ತಿದ್ದರು. ಗಿಳಿಗೆ ಸಿಕ್ಕ ಪ್ರಚಾರಕ್ಕೆ ಬೇರೆ ಕಾರಣ ಬೇಕಾ?

ತಕರಾರು ಏನಂದ್ರೆ, ಇಲ್ಲಿ ಅರ್ಧಕ್ಕರ್ಧ ಜನ ನಮ್ಮಂಥ ಪ್ರವಾಸಿಗರೇ. ಇಕ್ಕಟ್ಟಾದ ಮೆಟ್ಟಿಲಲ್ಲಿ ನೆಲಮಾಳಿಗೆಗೆ ಇಳಿಯುವವರು, ಹತ್ತುವವರು, ಮಧ್ಯದಲ್ಲಿ ಪೈಂಟ್ ಹಿಡಿದು ನಿಂತ ನಾವು. ಕೂತು ಹರಟೆ ಹೊಡೆಯುವ ಪಬ್ ಅಂತ ನನಗೆ ಒಮ್ಮೆಯೂ ಅನ್ನಿಸಿಲ್ಲ. ನೋಡಿ ಬರುವ ಪಬ್.

ಹೈ ಹೋಬರ್ನ್‌ನ ಪ್ರಿನ್ಸೆಸ್ ಲೂಯೀಸ್‌ಗೆ ಇಲ್ಲಿಂದ ಸುಮ್ನೆ ನಡೆದು ಹೋಗಬಹುದು. ಮಜಾ ಏನು ಗೊತ್ತಾ? ಎರಡೂ ಸ್ಯಾಮ್ಯುಯೆಲ್ ಸ್ಮಿತ್ ಬ್ರೂವರಿಯ ಪಬ್‌ಗಳು. ಯಾರ್ಕ್‌ಷರ್‌ನ ಟ್ಯಾಡ್‌ಕಾಸ್ಟರ್‌ನಲ್ಲಿ 1758ರಿಂದ ಇರುವ ಬ್ರೂವರಿ ಅದು, ಏಲನ್ನು ಇವತ್ತಿಗೂ ಮರದ ಪೀಪಾಯಿಗೇ ತುಂಬುತ್ತದೆ. ಕಾಸ್ಕ್ ಏಲ್ ಒಂದೇ ಬಗೆ, ಓಲ್ಡ್ ಬ್ರೂವರಿ ಬಿಟರ್, ಆಲ್ಕೋಹಾಲ್ 4 ಪರ್ಸೆಂಟ್. ಬಿಟರ್ ಅಂದರೆ ಏಲ್‌ನಲ್ಲೇ ಒಂದು ಬಗೆ. ಹೆಸರಿಗೆ ಬಿಟರ್, ಆದರೆ ಇದರಲ್ಲಿ ಕಹಿ ಕಡಿಮೆ. ಸುಟ್ಟ ಸಕ್ಕರೆಯ ಸಿಹಿ, ಮಾಲ್ಟ್ ಮುಂದೆ, ಹಾಪ್ಸ್ ಹಿಂದೆ. ಅಲ್ಲೂ ಅದೇ, ಇಲ್ಲೂ ಅದೇ. ಆದರೆ ಚೆಷರ್ ಚೀಸ್‌ನಲ್ಲಿ ಅರ್ಧಕ್ಕೇ ಸಾಕು ಅನ್ನಿಸುವ ಅದೇ ಬಿಟರ್, ಲೂಯೀಸ್‌ನಲ್ಲಿ ಇನ್ನೊಂದು ಹೇಳೋಣ ಅನ್ನಿಸುತ್ತದೆ. ಗ್ಲಾಸ್‌ನಲ್ಲಿರುವುದು ಬದಲಾಗಿಲ್ಲ, ಕೂತ ಜಾಗ ಬದಲಾಗಿದೆ.

ಆ ಜಾಗದ ಬಗ್ಗೆ ಸ್ವಲ್ಪ ಹೇಳಲೇಬೇಕು. ಪಬ್ 1872ರದು, ವಿಕ್ಟೋರಿಯಾ ರಾಣಿಯ ನಾಲ್ಕನೇ ಮಗಳ ಹೆಸರು. ಒಳಗಿನ ಅಲಂಕಾರ 1891ರದು. ನಡುವೆ ದೊಡ್ಡ ಕೌಂಟರ್, ಅದರ ಸುತ್ತ ಮರ ಮತ್ತು ಹೂಬಳ್ಳಿ ಕೊರೆದ ಗಾಜಿನ ಅಡ್ಡಗೋಡೆಗಳು. ಅವುಗಳ ನಡುವೆ ಪುಟ್ಟ ಪುಟ್ಟ ಗೂಡುಗಳು. ಹಿಂದೊಮ್ಮೆ ತೆಗೆದುಹಾಕಿದ್ದ ಈ ಅಡ್ಡಗೋಡೆಗಳನ್ನು 2008ರ ಹೊತ್ತಿಗೆ ಹಳೇ ಮಾದರಿಯಲ್ಲೇ ಮತ್ತೆ ಕೂರಿಸಿದರು. ಒಂದು ಗೂಡಿನಲ್ಲಿ ಕೂತರೆ ಪಕ್ಕದ ಗೂಡಿನವರ ನಗು ಕೇಳುತ್ತದೆ, ಮುಖ ಕಾಣುವುದಿಲ್ಲ. ಬಣ್ಣದ ಟೈಲ್ಸ್ ಗೋಡೆ, ನಡುನಡುವೆ ಆಳೆತ್ತರದ ಕನ್ನಡಿಗಳು, ಅವುಗಳಲ್ಲಿ ದೀಪದ ಬೆಳಕು ಬಿದ್ದು ಇಡೀ ಕೋಣೆ ಜೇನಿನ ಬಣ್ಣಕ್ಕೆ ತಿರುಗಿರುತ್ತದೆ. ಗಂಡಸರ ಟಾಯ್ಲೆಟ್ಟಿನ ಅಮೃತಶಿಲೆಗೂ ಇಲ್ಲಿ ಹೆಸರಿದೆ. ನೋಡಿ ಬನ್ನಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಈ ಬ್ರೂವರಿಯ ಪಬ್‌ಗಳಲ್ಲಿ ಹಾಡು ಇಲ್ಲ, ಟಿವಿ ಇಲ್ಲ. 2019ರಿಂದ ಮೊಬೈಲ್ ಕೂಡ ಬೇಡ, ಫೋನ್ ಬಂದರೆ ಹೊರಗೆ ಹೋಗಿ ಮಾತಾಡಬೇಕು. ಶುರುವಿನಲ್ಲಿ ಇದೆಂಥ ಜಬರ್ದಸ್ತು ಅನ್ನಿಸಿತ್ತು. ಈಗ ನನಗೆ ಅದೇ ಇಷ್ಟ. ನನ್ನ ತಕರಾರು ಬೇರೆ, ಇಲ್ಲಿ ಅವರದೇ ಮಾಲು ಬಿಟ್ಟು ಬೇರೆ ಬ್ರೂವರಿಯ ಏಲ್ ಸಿಗುವುದಿಲ್ಲ. ಬಿಟರ್ ಬೇಜಾರಾದರೆ ಹೊರಟುಬಿಡಬೇಕು.

ಬ್ಲೂಮ್ಸ್‌ಬರಿಯ ದಿ ಲ್ಯಾಂಬ್ ಯಂಗ್ಸ್ ಕಂಪನಿಯ ಪಬ್. ಹೊರಗೆ ಹಸಿರು ಟೈಲ್ಸ್, ಒಳಗೆ ಹಸಿರು ಚರ್ಮದ ಸೀಟು, ಗೋಡೆ ತುಂಬ ಹಳೇ ರಂಗಭೂಮಿ ನಟನಟಿಯರ ಫೋಟೋ. ಕೌಂಟರ್ ಮೇಲೆ ಮುಖದ ಎತ್ತರಕ್ಕೆ ಸಾಲಾಗಿ ಸಣ್ಣ ಸಣ್ಣ ತಿರುಗುವ ಗಾಜಿನ ಕಿಟಕಿಗಳಿವೆ. ಸ್ನಾಬ್ ಸ್ಕ್ರೀನ್ ಅನ್ನುತ್ತಾರೆ. ದೊಡ್ಡ ಮನುಷ್ಯರು ಬಂದಾಗ ಬಾರ್‌ನ ಕೆಲಸದವರಿಗೆ ಮುಖ ಕಾಣಬಾರದು ಅಂತ ಇವನ್ನು ಮುಚ್ಚುತ್ತಿದ್ದರಂತೆ. ಸಂದಿಯಿಂದ ಹಣ ಒಳಗೆ, ಗ್ಲಾಸ್ ಹೊರಗೆ. ಇಂಥದ್ದು ಲಂಡನ್‌ನಲ್ಲಿ ಉಳಿದಿರುವುದೇ ಕೆಲವು ಕಡೆ. ಯಂಗ್ಸ್ ಬಿಟರ್ ಹಗುರ, ಒಣ ರುಚಿ, 3.7 ಪರ್ಸೆಂಟ್. ಅವರ ವಾಂಡ್ಸ್‌ವರ್ತ್ ಬ್ರೂವರಿ 2006ರಲ್ಲಿ ಮುಚ್ಚಿತು. ಆಮೇಲೆ ರುಚಿ ಕೆಟ್ಟಿತು ಅನ್ನುವ ಮುದುಕರು ಪ್ರತಿ ಪಬ್‌ನಲ್ಲೂ ಒಬ್ಬರು ಸಿಗುತ್ತಾರೆ. ನಾನು ಆ ಹಳೇದನ್ನು ಕುಡಿದವನಲ್ಲ, ಈಗಿನದು ನನಗೆ ಪರವಾಗಿಲ್ಲ. ಮಧ್ಯಾಹ್ನ ಒಬ್ಬನೇ ಪೇಪರ್ ಹಿಡಿದು ಕೂರಲು ನಾಲ್ಕರಲ್ಲಿ ಇದೇ ಒಳ್ಳೆಯದು. ಸಂಜೆ ಆಫೀಸು ಬಿಟ್ಟ ಮೇಲೆ ಸೀಟು ಸಿಕ್ಕರೆ ಅದೃಷ್ಟ.

ಕೊನೆಯದು ಚಾಂಡೋಸ್ ಪ್ಲೇಸ್‌ನ ದಿ ಹಾರ್ಪ್. ಕಟ್ಟಡದಲ್ಲಿ ಹೇಳಿಕೊಳ್ಳುವಂಥದ್ದು ಕಡಿಮೆ. ಮುಂದೆ ಬಣ್ಣದ ಗಾಜು, ಒಳಗೆ ರೈಲು ಬೋಗಿಯಷ್ಟು ಅಗಲ, ಗೋಡೆಗೆ ಯಾರ್ಯಾರದೋ ಭಾವಚಿತ್ರಗಳು, ಎಲ್ಲೆಂದರಲ್ಲಿ ಪಂಪ್‌ಗೆ ಸಿಕ್ಕಿಸುವ ಬಿಯರ್ ಬಿಲ್ಲೆಗಳು. ಬ್ರೂವರಿಗಳು ಗ್ಯಾಸ್ ಬಿಯರಿಗೆ ಹೊರಳುತ್ತಿದ್ದಾಗ ಕಾಸ್ಕ್ ಏಲ್ ಉಳಿಸಲು 1971ರಲ್ಲಿ ಕುಡಿಯುವವರೇ ಕಟ್ಟಿದ ಸಂಘ ಕ್ಯಾಮ್ರಾ. ಅವರು 2010ರ ದೇಶದ ಅತ್ಯುತ್ತಮ ಪಬ್ ಅಂತ ಹಾರ್ಪನ್ನು ಆರಿಸಿದರು. ಲಂಡನ್ ಪಬ್‌ಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. 2014ರಲ್ಲಿ ಫುಲ್ಲರ್ಸ್ ಕಂಪನಿ ಕೊಂಡಾಗ ಇನ್ನು ಮುಗಿಯಿತು ಅಂತ ತುಂಬ ಜನ ಗೊಣಗಿದರು. ಏನೂ ಮುಗಿದಿಲ್ಲ. ಬೇರೆ ಬ್ರೂವರಿಗಳ ಏಲ್ ಈಗಲೂ ಬರುತ್ತದೆ.

ನಾನಿಲ್ಲಿ ಆರ್ಡರ್ ಮಾಡುವುದು ಹಾರ್ವೀಸ್ ಬ್ರೂವರಿಯ ಸಸೆಕ್ಸ್ ಬೆಸ್ಟ್ ಅನ್ನುವ ಬಿಟರ್. ಅದರ ಊರು ಸಸೆಕ್ಸ್‌ನ ಲೂಯಿಸ್ (Lewes), ಮೇಲೆ ಹೇಳಿದ ಲೂಯೀಸ್ ಪಬ್‌ಗೂ ಅದಕ್ಕೂ ಸಂಬಂಧ ಇಲ್ಲ. ತಾಮ್ರದ ಬಣ್ಣ. ಮೊದಲ ಗುಟುಕಿಗೆ ಬಿಸ್ಕತ್ತಿನಂಥ ಮಾಲ್ಟ್, ನುಂಗಿದ ಮೇಲೆ ನಾಲಿಗೆಯ ಎರಡೂ ಬದಿಯಲ್ಲಿ ನಿಲ್ಲುವ ಕಹಿ, ಕಡೆಗೆ ಒಂದಿಷ್ಟು ಒಗರು. ಇದೂ 4 ಪರ್ಸೆಂಟೇ, ಆದರೆ ಓಲ್ಡ್ ಬ್ರೂವರಿ ಬಿಟರ್ ಇದರ ಮುಂದೆ ಸಪ್ಪೆ. ಇದೇ ಹೆಸರಿನ ಏಲನ್ನು ಒಂದು ರೈಲ್ವೆ ಸ್ಟೇಷನ್ ಪಕ್ಕದ ಪಬ್‌ನಲ್ಲಿ ಕುಡಿದಿದ್ದೇನೆ. ವಿನಿಗರ್ ವಾಸನೆ, ನೊರೆಯೂ ಇಲ್ಲ. ಅಂಥದ್ದು ಸಿಕ್ಕರೆ ಸಂಕೋಚ ಪಡಬೇಡಿ, ಎರಡು ಗುಟುಕಿನೊಳಗೆ ಕೌಂಟರಿಗೆ ವಾಪಸ್ ಕೊಡಿ, ಬದಲಿಸಿ ಕೊಡುವುದು ಇಲ್ಲಿನ ರೂಢಿ. ಹಾರ್ಪ್‌ನಲ್ಲಿ ನನಗೆ ಅಂಥ ಪ್ರಸಂಗ ಬಂದಿಲ್ಲ, ಅಲ್ಲಿ ಪೀಪಾಯಿಗೆ ಹಳತಾಗಲು ಪುರಸೊತ್ತೇ ಇಲ್ಲ. ಆದರೆ ನಿಂತೇ ಕುಡಿಯಬೇಕು, ಅದೂ ಯಾರದೋ ಮೊಣಕೈ ತಪ್ಪಿಸಿಕೊಂಡು. ಮಹಡಿ ಮೇಲೊಂದು ಕೋಣೆ ಇದೆ, ಮಧ್ಯಾಹ್ನ ಮೂರರ ಹೊತ್ತಿಗೆ ಹೋದರೆ ಕುರ್ಚಿ ಸಿಗಬಹುದು.

ಏಲ್ ಮಾತ್ರ ಮುಖ್ಯ ಅನ್ನುವವರಿಗೆ ಹಾರ್ಪ್. ಅಪ್ಪ ಅಮ್ಮನನ್ನೋ ಹೆಂಡತಿಯನ್ನೋ ಕರೆದುಕೊಂಡು ಹೋಗಿ ತೋರಿಸಬೇಕು ಅಂದರೆ ಲೂಯೀಸ್. ನನಗೆ ಒಂದೇ ಸಂಜೆ ಇದೆ ಅಂದುಕೊಳ್ಳಿ, ಲೂಯೀಸ್‌ನಲ್ಲಿ ಹಾಫ್, ಅಂದರೆ ಅರ್ಧ ಪೈಂಟ್, ಕುಡಿದು ಹಾರ್ಪ್‌ಗೆ ನಡೆದುಬಿಡುತ್ತೇನೆ. ಹಾಫ್ ಕೇಳಿದರೆ ಯಾರೂ ಕೀಳಾಗಿ ನೋಡುವುದಿಲ್ಲ. ಟೇಬಲ್‌ಗೆ ಯಾರೂ ಬಂದು ಆರ್ಡರ್ ತೆಗೆದುಕೊಳ್ಳುವುದೂ ಇಲ್ಲ, ಕೌಂಟರಿಗೇ ಹೋಗಬೇಕು, ಅಲ್ಲೇ ದುಡ್ಡು ಕೊಡಬೇಕು. ಯಾವುದು ತಗೊಳ್ಳಲಿ ಅಂತ ಗೊತ್ತಾಗದಿದ್ದರೆ ಒಂದು ಗುಟುಕು ರುಚಿ ನೋಡಬಹುದಾ ಅಂತ ಕೇಳಿ, ಕೊಡುತ್ತಾರೆ.

ಸಸ್ಯಾಹಾರಿಗಳು ಒಂದು ವಿಷಯ ಗಮನಿಸಬೇಕು. ಕಾಸ್ಕ್ ಏಲ್ ತಿಳಿಯಾಗಲು ಐಸಿಂಗ್ಲಾಸ್ ಹಾಕುವುದು ಹಳೇ ಪದ್ಧತಿ. ಅದು ಮೀನಿನ ಹೊಟ್ಟೆಯೊಳಗಿನ ಗಾಳಿಚೀಲದಿಂದ ಮಾಡಿದ್ದು. ಮೊಟ್ಟೆಯನ್ನೂ ಮುಟ್ಟದ ನನ್ನ ಮೈಸೂರಿನ ಗೆಳೆಯನಿಗೆ ಲೂಯೀಸ್‌ನಲ್ಲಿ ಇದನ್ನು ಹೇಳಿದೆ. ಎತ್ತಿದ ಗ್ಲಾಸ್ ಹಾಗೇ ಕೆಳಗಿಟ್ಟ. ಸ್ಯಾಮ್ಯುಯೆಲ್ ಸ್ಮಿತ್‌ನ ಬಾಟಲಿ ಬಿಯರ್‌ಗಳಲ್ಲಿ ಹೆಚ್ಚಿನವಕ್ಕೆ ಮೀನು ಮಾಂಸದ ಸೋಂಕಿಲ್ಲ, ಅಲ್ಲಿ ಓಟ್‌ಮೀಲ್ ಸ್ಟೌಟ್ ಅನ್ನುವ ಕಪ್ಪು ಬಿಯರ್ ಸಿಕ್ಕಿತು, ಅವನ ಮುಖ ಅರಳಿತು. ಇಲ್ಲಿ ಗುಂಪಿನಲ್ಲಿ ಹೋದರೆ ಒಬ್ಬೊಬ್ಬರು ಒಂದೊಂದು ರೌಂಡ್ ಎಲ್ಲರಿಗೂ ಕೊಡಿಸಬೇಕು. ಬಾಟಲಿ ಬಿಯರ್ ಬಿಟರ್‌ಗಿಂತ ದುಬಾರಿ. ನನ್ನ ರೌಂಡ್ ಬಂದಾಗ ಎರಡು ಬಾಟಲಿ ಹೇಳಿದ, ಅವನ ರೌಂಡ್ ಬಂದಾಗ ಟ್ರೈನ್‌ಗೆ ಹೊತ್ತಾಯಿತು ಅಂತ ಎದ್ದ.