ಕೋವಿಗೆ ಹೊಸ ಮರ ಹಾಕಿಸೋರು ದುಡ್ಡು ಕೊಡೋ ಮುಂಚೆ ಇದನ್ನು ಓದಿ

ಬೆಂಗಳೂರಿನಲ್ಲಿ ಹಳೇ ಕೋವಿಗೆ ಹೊಸ ಮರದ ಸ್ಟಾಕ್, ಅಂದರೆ ಕಬ್ಬಿಣ ಕೂರಿಸಿ ಭುಜಕ್ಕೆ ಒತ್ತಿ ಹಿಡಿಯುವ ಮರ, ಹಾಕಿಸಬೇಕು ಅಂತ ಯಾರಾದರೂ ಯೋಚಿಸುತ್ತಿದ್ದರೆ ದಯವಿಟ್ಟು ಸ್ವಲ್ಪ ನಿಲ್ಲಿ. ನನ್ನ ಹತ್ತಿರ 38,000 ರೂಪಾಯಿ ತಗೊಂಡು ಮೋಸ ಮಾಡಿದ್ದಾರೆ. ದುಡ್ಡು ಹೋದರೆ ಹೋಗಲಿ, ಕೈಯೇ ಹೋಗುತ್ತಿತ್ತು. ಅಂಗಡಿ ಹೆಸರು ಹಾಕುವುದಿಲ್ಲ, ದೂರು ಕೊಟ್ಟಿದ್ದೇನೆ. ಆದರೆ ಏನು ಮಾಡಿದರು, ಕೇಳಿದಾಗ ಏನೇನು ಹೇಳಿದರು ಅನ್ನುವುದು ನಾಲ್ಕು ಜನಕ್ಕೆ ಗೊತ್ತಾಗಲೇಬೇಕು.

ನಮ್ಮದು ಕೊಡಗು, ಕೆಲಸಕ್ಕೆ ಅಂತ ವಿಜಯನಗರದಲ್ಲಿದ್ದೇನೆ. ಮನೆಯಲ್ಲಿ ತಾತನ ಕಾಲದ ಗೆಹಾ ಕೋವಿ ಇದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಮೊದಲನೇ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯಲ್ಲಿ ಉಳಿದಿದ್ದ ಮೌಸರ್ 98 ಮಿಲಿಟರಿ ರೈಫಲ್‌ಗಳನ್ನು ಬದಲಾಯಿಸಿ 12 ಬೋರ್ ಬೋಲ್ಟ್ ಆ್ಯಕ್ಷನ್ (ಬೋಲ್ಟ್ ಅನ್ನುವ ಕಬ್ಬಿಣದ ಅಗುಳಿಯನ್ನು ಕೈಯಲ್ಲಿ ಎಳೆದು ತೋಟಾ ತುಂಬುವ) ಕೋವಿ ಮಾಡಿ ಮಾರಿದರು, ಅದರಲ್ಲಿ ಗೆಹಾ ಒಂದು. ಮರದಲ್ಲಿ ಹೆಸರು ಕೊರೆದ ಹಿತ್ತಾಳೆ ಬಿಲ್ಲೆ ಕೂರಿಸಿರುತ್ತಾರೆ. ಅಪ್ಪ ಹುಟ್ಟಿದಾಗ ಗಾಳಿಯಲ್ಲಿ ಗುಂಡು ಹಾರಿಸಿದ್ದು ಇದೇ ಕೋವಿಯಲ್ಲಿ. ತಾತ ಹೋದಾಗ ಎರಡು ಗುಂಡು ಹಾರಿಸಿದ್ದೂ ಇದರಲ್ಲೇ. ಇದು ನಮಗೆ ಬರೀ ಕಬ್ಬಿಣ ಮರ ಅಲ್ಲ.

ಮರದ ಕತ್ತಿನಲ್ಲಿ, ಅಂದರೆ ಕೈಯಲ್ಲಿ ಹಿಡಿಯುವ ತೆಳು ಜಾಗದಲ್ಲಿ, ಸೀಳು ಬಿಟ್ಟಿತ್ತು. ಕೈಲ್ ಪೋಳ್ದ್, ಅಂದರೆ ನಮ್ಮ ಆಯುಧ ಪೂಜೆ ಹಬ್ಬಕ್ಕೆ ಮುಂಚೆ ಹೊಸ ಮರ ಹಾಕಿಸೋಣ ಅಂತ ಅಪ್ಪನಿಗೂ ಆಸೆ. ಇದನ್ನು ಬೀದಿ ಕೊನೆಯ ಬಡಗಿ ಹತ್ತಿರ ಕೊಡುವ ಹಾಗಿಲ್ಲ, 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ರಿಪೇರಿಗೂ ಲೈಸೆನ್ಸ್ ಬೇಕು. ಹಾಗಾಗಿ ಲೈಸೆನ್ಸ್ ಇರುವ ಹಳೇ ಅಂಗಡಿಯನ್ನೇ ಹುಡುಕಿ ಹೋದೆ. ನಮಗೆ ಬೇರೆ ದಾರಿ ಇಲ್ಲ ಅಂತ ಇವರಿಗೂ ಚೆನ್ನಾಗಿ ಗೊತ್ತು, ಅದಕ್ಕೇ ಈ ಧೈರ್ಯ.

ಕೌಂಟರ್‌ನಲ್ಲಿದ್ದವರು ಕೋವಿ ನೋಡಿದ ತಕ್ಷಣ "ಓ, ಗೆಹಾ! ಇದಕ್ಕೆ ಫಾರಿನ್ ರೆಡಿಮೇಡ್ ಸ್ಟಾಕ್ ಇದೆ ಸಾರ್, ಒರಿಜಿನಲ್ ವಾಲ್ನಟ್, ಮೌಸರ್ 98ಗೆ ಅಂತಾನೇ ಮಾಡಿರೋದು, ಎರಡು ಸ್ಕ್ರೂ ಬಿಗಿದ್ರೆ ಮುಗೀತು" ಅಂದರು. ನಾನು ಆಗಲೇ ಹೇಳಿದೆ, ಇದರಲ್ಲಿ ಒಂಟಿ ಗುಂಡಿನ ತೋಟಾ ಹೊಡೆಯುತ್ತೇವೆ, ಸ್ಲಗ್, ಊರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇರುತ್ತೆ, ಒದೆತ ಜಾಸ್ತಿ, ಮರ ಗಟ್ಟಿ ಇರಬೇಕು ಅಂತ. ಗೆಹಾದಲ್ಲಿ ಬೋಲ್ಟನ್ನು ಬೀಗದ ಹಾಗೆ ಹಿಡಿದಿಡುವ ಮುಂದಿನ ಲಗ್‌ಗಳನ್ನು ತೆಗೆದಿರುತ್ತಾರೆ, ಮೂಲ ಮೌಸರ್‌ನಷ್ಟು ಬಲ ಇಲ್ಲ, ಹಾಗಾಗಿ ಬೋಲ್ಟನ್ನೂ ಪರೀಕ್ಷೆ ಮಾಡಿ, ಮರ ಕೂರಿಸುವುದೂ ನಾಜೂಕಾಗಿ ಆಗಲಿ ಅಂತಲೂ ಹೇಳಿದೆ. ಸ್ಲಗ್ ವಿಷಯ ವಾಟ್ಸಾಪ್‌ನಲ್ಲೂ ಬರೆದಿದ್ದೇನೆ. ಅವರ ಉತ್ತರವೂ ಇದೆ: "ನೋ ಟೆನ್ಷನ್ ಸಾರ್, ಕ್ರಾಸ್ ಬೋಲ್ಟ್ ಇರೋದೇ ಹಾಕ್ತೀವಿ." ಕ್ರಾಸ್ ಬೋಲ್ಟ್ ಅಂದರೆ ಒದೆತಕ್ಕೆ ಮರ ಸೀಳದ ಹಾಗೆ ಅದರೊಳಗೆ ಅಡ್ಡಲಾಗಿ ತೂರಿಸುವ ಕಬ್ಬಿಣದ ಬೋಲ್ಟ್. ಈ ಮಾತು ನೆನಪಿಟ್ಟುಕೊಳ್ಳಿ.

ಅಡ್ವಾನ್ಸ್ ಕೊಟ್ಟೆ. ಆಮೇಲೆ ಎಲ್ಲರಿಗೂ ಗೊತ್ತಿರುವ ಕಥೆ. ಇವತ್ತು ಬನ್ನಿ, ನಾಳೆ ಬನ್ನಿ, ಮೇಸ್ತ್ರಿ ಊರಿಗೆ ಹೋಗಿದ್ದಾನೆ, ಪಾಲಿಶ್ ಒಣಗಿಲ್ಲ, ಮಳೆ ಸಾರ್. ಎರಡು ಸ್ಕ್ರೂ ಬಿಗಿಯುವ ಕೆಲಸಕ್ಕೆ ಮೇಸ್ತ್ರಿ ಯಾಕೆ, ಪಾಲಿಶ್ ಯಾಕೆ ಅಂತ ಕೇಳಿದರೆ "ಫಿನಿಶಿಂಗ್ ಸಾರ್" ಅಷ್ಟೇ. ಕೊನೆಗೆ ಕೈಗೆ ಬಂದಾಗ ನೋಡೋಕೆ ನಿಜಕ್ಕೂ ಚೆಂದ ಇತ್ತು. ಕಡು ಕಂದು ಬಣ್ಣ, ಎಣ್ಣೆ ಹೊಳಪು, ಎರಡೂ ಪಕ್ಕ ಕ್ರಾಸ್ ಬೋಲ್ಟಿನ ದುಂಡು ತಲೆ ಕಪ್ಪಗೆ ಕಾಣುತ್ತಿತ್ತು. ಬಾಕಿ ದುಡ್ಡು ಫೋನ್‌ನಲ್ಲೇ ಕಳಿಸಿದೆ. ಹಳೇ ಮರ ಎಲ್ಲಿ ಅಂತ ಕೇಳಿದರೆ "ಗೋಡೌನ್‌ನಲ್ಲಿದೆ, ಮುಂದಿನ ಸಲ ಬಂದಾಗ ತಗೊಳಿ" ಅಂದರು. ಬಿಲ್ಲಿನಲ್ಲಿ "ರಿಪೇರಿ ಚಾರ್ಜ್" ಅಂತ ಒಂದೇ ಸಾಲು. ವಾಲ್ನಟ್ ಅಂತ ಇಲ್ಲ, ಫಾರಿನ್ ಅಂತ ಇಲ್ಲ, ಏನೂ ಇಲ್ಲ. ಬರೆದು ಕೊಡಿ ಅಂದೆ, "ನಮ್ಮಲ್ಲಿ ಹೀಗೇ ಸಾರ್, ಎಲ್ಲರಿಗೂ ಹೀಗೇ" ಅಂದರು.

ಊರಿಗೆ ಹೋದೆವು. ಕೈಲ್ ಪೋಳ್ದ್ ದಿನ ಅಪ್ಪ ಕೋವಿಗೆ ತೋಕ್ ಪೂ (ಕೋವಿ ಹೂವು) ಇಟ್ಟು ಪೂಜೆ ಮಾಡಿದರು, ಹೊಸ ಮರವನ್ನು ಸವರಿ ಸವರಿ ನೋಡಿದರು. ಆಮೇಲೆ ಗುಂಡು ಹೊಡೆಯುವ ಜಾಗಕ್ಕೆ ಹೋದೆವು. ಮೊದಲನೇ ಗುಂಡಿಗೇ ಏನೋ ಚಟ್ ಅಂದ ಹಾಗಾಯಿತು, ತೋಟಾ ಸದ್ದಿನಲ್ಲಿ ಸರಿಯಾಗಿ ಕೇಳಲಿಲ್ಲ. ಮುಂದಿನದಕ್ಕೆ ಕತ್ತು ಪೂರ್ತಿ ಸೀಳಿ ಎರಡಾಯಿತು. ಮರದ ಅಂಚು ಕೆನ್ನೆಗೆ ಬಡಿಯಿತು, ಹೆಬ್ಬೆರಳು ತೋರುಬೆರಳಿನ ಮಧ್ಯೆ ಚಕ್ಕೆ ಹೊಕ್ಕು ರಕ್ತ ಬಂತು. ಪಕ್ಕದಲ್ಲಿ ದೊಡ್ಡಪ್ಪನ ಮೊಮ್ಮಕ್ಕಳು ನಿಂತಿದ್ದರು. ಅದನ್ನು ನೆನೆಸಿಕೊಂಡರೆ ಈಗಲೂ ಮೈಯೆಲ್ಲಾ ಉರಿಯುತ್ತೆ.

ಸೀಳಿದ ಜಾಗ ನೋಡಿದರೆ ಮೇಲೆ ಕಾಗದದಷ್ಟು ಕಂದು ಬಣ್ಣ, ಒಳಗೆ ತೆಳು ಗುಲಾಬಿ ಮರ. ಅಪ್ಪ ಆ ಚೂರನ್ನು ಎತ್ತಿ ಬಿಸಿಲಿಗೆ ಹಿಡಿದು ತಿರುಗಿಸಿದರು. ಮಿನುಗುವ ಚುಕ್ಕೆ ಚುಕ್ಕೆ ಬಲೆಯ ಥರ ಕಂಡಿತು. "ಇದು ಸಿಲ್ವರ್ ಓಕ್ ಕಣೋ" ಅಂದರು. ಕಾಫಿ ತೋಟದವರಿಗೆ ಆ ಮರ ಹೇಳಿಕೊಡಬೇಕಾ? ನೆರಳಿಗೆ, ಮೆಣಸು ಬಳ್ಳಿ ಹಬ್ಬಿಸೋಕೆ ನಾವೇ ಸಾಲು ಸಾಲು ನೆಡುವ ಮರ! ಅದನ್ನೇ ಬಣ್ಣ ಬಳಿದು ಫಾರಿನ್ ವಾಲ್ನಟ್ ಅಂತ ನಮಗೇ ಮಾರಿದ್ದಾರೆ. ಅಪ್ಪನ ಮುಂದೆ, ಊರವರ ಮುಂದೆ ತಲೆ ಎತ್ತೋಕೆ ಆಗಲಿಲ್ಲ. ಯಾರೂ ಏನೂ ಅನ್ನಲಿಲ್ಲ, ಅದು ಇನ್ನೂ ಕಷ್ಟ.

ಅಷ್ಟಕ್ಕೇ ಮುಗಿಯಲಿಲ್ಲ. ಸ್ಕ್ರೂ ಬಿಚ್ಚಿ ಕಬ್ಬಿಣ ಹೊರಗೆ ತೆಗೆದೆವು. ಕ್ರಾಸ್ ಬೋಲ್ಟೇ ಇಲ್ಲ. ಇಲ್ಲವೇ ಇಲ್ಲ! ಎರಡು ಪಕ್ಕದಲ್ಲೂ ಒಂದೊಂದು ಕಪ್ಪು ಬಿಲ್ಲೆ ಗೋಂದು ಹಾಕಿ ಅಂಟಿಸಿದ್ದಾರೆ, ಉಗುರಿನಲ್ಲಿ ಎಬ್ಬಿದರೆ ಎದ್ದು ಬಂತು. ಒಳಗೆ ತೂತು ಸಹ ಕೊರೆದಿಲ್ಲ. ಕೋವಿ ಒದ್ದಾಗ ಆ ಪೆಟ್ಟೆಲ್ಲಾ ಕಬ್ಬಿಣದ ಅಡಿಯಲ್ಲಿ ಚಾಚಿರುವ ದಪ್ಪ ಗುಬಟು, ಅಂದರೆ ರಿಕಾಯ್ಲ್ ಲಗ್ ಮೂಲಕ ಮರಕ್ಕೆ ಬರುತ್ತೆ, ಆ ಜಾಗದಲ್ಲಿ ಮರ ಲಗ್‌ಗೆ ಅಂಟಿಕೊಂಡು ಕೂತಿರಬೇಕು. ಇಲ್ಲಿ ಬೆರಳುಗುರು ತೂರಿಸುವಷ್ಟು ಸಂದು. ಅದಕ್ಕೆ ಬದಲು ಹಿಂದುಗಡೆ ಟ್ಯಾಂಗ್, ಅಂದರೆ ಕಬ್ಬಿಣದ ಬಾಲದಂಥ ತುದಿ, ಮರಕ್ಕೆ ಒತ್ತಿಕೊಂಡಿದೆ, ಅಂದರೆ ಒದೆತ ಪೂರ್ತಿ ನೇರ ಕತ್ತಿಗೆ. ಕತ್ತಿನಲ್ಲಿ ಮರದ ಎಳೆ ಓರೆಯಾಗಿ ಹೋಗಿದೆ. ಇನ್ನೇನಾಗಬೇಕು? ರೈಫಲ್ ನಳಿಗೆಗೆ ಅಂತ ಮಾಡಿದ ಕಿರಿದಾದ ಕಾಲುವೆಯನ್ನು 12 ಬೋರ್ ನಳಿಗೆ ಹಿಡಿಸೋಕೆ ಉಳಿಯಲ್ಲಿ ಕೆತ್ತಿ ಕೆತ್ತಿ ಪಕ್ಕದ ಗೋಡೆ ಬಿಸ್ಕತ್ತಿನಷ್ಟು ತೆಳ್ಳಗಾಗಿದೆ. ಉಳಿ ಗುರುತು ಹಾಗೇ ಇದೆ, ಮರಳು ಕಾಗದ ಕೂಡ ಉಜ್ಜಿಲ್ಲ. ಹೊರಗೆ ಕನ್ನಡಿ, ಒಳಗೆ ಇದು.

ಫೋಟೋ ಎಲ್ಲಾ ಕಳಿಸಿದೆ. ಬಂದ ಉತ್ತರಗಳನ್ನು ಹಾಗೇ ಹಾಕುತ್ತೇನೆ.

"ಸ್ಲಗ್ ಹೊಡೀತೀರಾ ಅಂತ ಹೇಳ್ಲೇ ಇಲ್ವಲ್ಲ ಸಾರ್."

ಹಳೇ ಮೆಸೇಜ್‌ನ ಸ್ಕ್ರೀನ್‌ಶಾಟ್ ಕಳಿಸಿದೆ. ಆಗ, "ಮರ ಅಂದ್ಮೇಲೆ ಬಿರುಕು ಬರುತ್ತೆ ಸಾರ್, ನೇಚರ್ ಅಲ್ವಾ. ನಿಮ್ಮೂರಲ್ಲಿ ಮಳೆ ಜಾಸ್ತಿ."

ವಾಲ್ನಟ್ ಎಲ್ಲಿ ಅಂತ ಕೇಳಿದೆ. "ವಾಲ್ನಟ್ ಫಿನಿಶ್ ಅಂತ ಹೇಳಿದ್ದು ಸಾರ್, ನೀವು ತಪ್ಪು ತಿಳ್ಕೊಂಡಿದ್ದೀರಿ."

ಕ್ರಾಸ್ ಬೋಲ್ಟ್ ಎಲ್ಲಿ ಅಂತ ಕೇಳಿದೆ. "ಅದು ಡಿಸೈನ್ ಸಾರ್."

ಡಿಸೈನ್ ಅಂತೆ! ಕೋವಿ ಕೆಲಸ ಗೊತ್ತಿರುವ ಯಾರಾದರೂ ಆಡುವ ಮಾತಾ ಇದು? ಭುಜಕ್ಕೆ ಇಟ್ಟು, ಕೆನ್ನೆ ಒತ್ತಿ ಹಿಡಿಯುವ ವಸ್ತುವಿಗೆ ಇಲ್ಲದ ಬೋಲ್ಟನ್ನು ಇದೆ ಅಂತ ತೋರಿಸೋಕೆ ಬಿಲ್ಲೆ ಅಂಟಿಸಿದ್ದಾರೆ, ಇದನ್ನು ಅಜಾಗರೂಕತೆ ಅನ್ನೋಕಾಗಲ್ಲ, ಗೊತ್ತಿದ್ದೂ ಮಾಡಿದ ಕೆಲಸ.

ಕೊನೆಗೆ ಹಳೇ ಮರ ವಾಪಸ್ ಕೊಡಿ, ಅದನ್ನೇ ರಿಪೇರಿ ಮಾಡಿಸುತ್ತೇನೆ ಅಂದೆ. ಒಂದು ವಾರ ನೀಲಿ ಟಿಕ್ ಮಾತ್ರ. ಆಮೇಲೆ "ಅದು ವೇಸ್ಟ್ ಅಂತ ಹುಡುಗ್ರು ಹಾಕ್ಬಿಟ್ಟಿದ್ದಾರೆ ಸಾರ್." ನಾನು ನಂಬಲ್ಲ. ಹಿತ್ತಾಳೆ ಬಿಲ್ಲೆ ಇರುವ ಜರ್ಮನ್ ಮರವನ್ನು ಕೋವಿ ಅಂಗಡಿಯವರು ಕಸಕ್ಕೆ ಹಾಕುತ್ತಾರಾ? ತಾತನ ಕೈ ಸವೆದು ನುಣುಪಾಗಿದ್ದ ಮರ ಅದು. 38,000ಕ್ಕಿಂತ ಇದೇ ನನಗೆ ಜಾಸ್ತಿ ಉರಿ.

ಈಗ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದ್ದೇನೆ, ಅಂಗಡಿಯವರು ಒಪ್ಪದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 5 ಲಕ್ಷದವರೆಗೆ ಅಲ್ಲಿ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಹೋಗಬೇಕು. ನಿಮಗೂ ಹೀಗಾಗಿದ್ದರೆ ಸುಮ್ನೆ ಕೂರಬೇಡಿ.

ಮಾಡಿಸಲೇಬೇಕು ಅಂದರೆ, ಪಾಲಿಶ್ ಹಾಕುವ ಮುಂಚೆ ಬರೀ ಮರ ನೋಡಬೇಕು ಅಂತ ಹಟ ಹಿಡಿಯಿರಿ. ಒಪ್ಪದಿದ್ದರೆ ಎದ್ದು ಬನ್ನಿ. ಕತ್ತಿನಲ್ಲಿ ಎಳೆ ಉದ್ದಕ್ಕೆ ಹೋಗಿರಬೇಕು, ಓರೆ ಇದ್ದರೆ ಬೇಡ. ಸ್ಕ್ರೂ ಬಿಚ್ಚಿಸಿ ಒಳಗೆ ಟಾರ್ಚ್ ಹಾಕಿ ನೋಡಿ, ಲಗ್‌ಗೆ ಮಸಿ ಹಚ್ಚಿ ಕೂರಿಸಿ ತೆಗೆಸಿ, ಮಸಿ ಮರಕ್ಕೆ ಪೂರ್ತಿ ಅಂಟಿದೆಯಾ ನೋಡಿ. ಟ್ಯಾಂಗ್ ಹಿಂದೆ ವಿಸಿಟಿಂಗ್ ಕಾರ್ಡ್ ಹೋಗುವಷ್ಟು ಜಾಗ ಇರಲಿ. ಕ್ರಾಸ್ ಬೋಲ್ಟ್ ಅಂದರೆ ನಿಮ್ಮ ಕಣ್ಣೆದುರೇ ಬಿಚ್ಚಿ ತೋರಿಸಲಿ. ಯಾವ ಮರ ಅಂತ ಬಿಲ್ಲಿನಲ್ಲಿ ಬರೆಯಲಿ. ಹಳೇ ಮರವನ್ನು ಮಾತ್ರ ಯಾವ ಕಾರಣಕ್ಕೂ ಅವರ ಹತ್ತಿರ ಬಿಡಬೇಡಿ, ಅಳತೆ ತಗೊಂಡ ತಕ್ಷಣ ಕೈಗೆ ಇಸ್ಕೊಳ್ಳಿ.

ಇನ್ನೊಂದು ವಿನಂತಿ. ಗೆಹಾ ಬಿಲ್ಲೆ ಇರುವ ಹಳೇ ಮರ, ಕತ್ತಿನಲ್ಲಿ ಸೀಳು ಇದೆ, ಬಿಲ್ಲೆ ಕೆಳಗೆ ಚಾಕುವಿನಲ್ಲಿ ಕೊರೆದ ಎರಡು ಸಣ್ಣ ಗೆರೆ ಇವೆ, ಬೆಂಗಳೂರಿನಲ್ಲಾಗಲಿ ಮೈಸೂರಿನಲ್ಲಾಗಲಿ ಯಾವ ಅಂಗಡಿಯಲ್ಲಾದರೂ ಕಂಡರೆ ಫೋಟೋ ತೆಗೆದು ನನಗೆ ತಿಳಿಸಿ. ದುಡ್ಡು ಕೊಟ್ಟಾದರೂ ವಾಪಸ್ ತಗೊಳ್ಳುತ್ತೇನೆ.