ಕಾರಿನ ಮೈಲೇಜ್ ಕುಸಿದಾಗ ನೆರವಾದ ಒಬಿಡಿ ಸ್ಕ್ಯಾನರ್

ಲೀಟರಿಗೆ 16 ಕಿಲೋಮೀಟರ್ ಕೊಡುತ್ತಿದ್ದ ನನ್ನ ಪೆಟ್ರೋಲ್ ಕಾರು ಕೆಲವೇ ತಿಂಗಳಲ್ಲಿ 13.5ಕ್ಕೆ ಇಳಿದಿತ್ತು. ಟ್ಯಾಂಕ್ ಪೂರ್ತಿ ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿ ಮೂರು ಸಲ ಲೆಕ್ಕ ಹಾಕಿದರೂ ಅಂಕಿ ಬದಲಾಗಲಿಲ್ಲ. ಗ್ಯಾರೇಜಿನವರು ಸ್ಪಾರ್ಕ್ ಪ್ಲಗ್ಗುಗಳನ್ನೂ ಏರ್ ಫಿಲ್ಟರನ್ನೂ ಬದಲಿಸಿಕೊಟ್ಟರು, ಪ್ರಯೋಜನವಾಗಲಿಲ್ಲ. ಚೆಕ್ ಇಂಜಿನ್ ದೀಪ ಉರಿಯದೇ ಇದ್ದುದರಿಂದ ಸೆನ್ಸರುಗಳ ಕಡೆಗೆ ಯಾರ ಗಮನವೂ ಹೋಗಿರಲಿಲ್ಲ. ಆಗ ನಾನು ಕೊಂಡದ್ದು, ಸ್ಟೀರಿಂಗ್ ಕೆಳಗಿನ 16 ಪಿನ್ನುಗಳ ಸಾಕೆಟ್ಟಿಗೆ ಸಿಕ್ಕಿಸಿ ಬ್ಲೂಟೂತ್ ಮೂಲಕ ಫೋನಿಗೆ ಜೋಡಿಸುವ, ಇಎಲ್ಎಂ 327 ಚಿಪ್ ಬಗೆಯ ಪುಟ್ಟ ಒಬಿಡಿ (ಕಾರಿನ ಕಂಪ್ಯೂಟರಿನ ಸ್ವಯಂ ತಪಾಸಣಾ ವ್ಯವಸ್ಥೆ) ಸ್ಕ್ಯಾನರ್.

ಇಂಥ ಸಾಧನಗಳನ್ನು ಹೆಚ್ಚಿನವರು ದೋಷದ ಕೋಡ್ ಓದುವುದಕ್ಕಷ್ಟೇ ಬಳಸುತ್ತಾರೆ. ನನ್ನ ಅನುಭವದಲ್ಲಿ ಇದರ ನಿಜವಾದ ಬೆಲೆ ಇರುವುದು ಇಂಜಿನ್ ಓಡುತ್ತಿರುವಾಗ ತೋರಿಸುವ ಜೀವಂತ ಅಂಕಿಗಳಲ್ಲಿ. ಕೋಡ್ ವಿಭಾಗದಲ್ಲಿ ನನಗೆ ಸಿಕ್ಕಿದ್ದು ದೀಪ ಉರಿಸುವ ಹಂತಕ್ಕೆ ಇನ್ನೂ ಬಾರದೆ ಬಾಕಿ ಉಳಿದಿದ್ದ ಪಿ 0133, ಅಂದರೆ ಹೊಗೆಯಲ್ಲಿರುವ ಆಮ್ಲಜನಕವನ್ನು ಅಳೆದು ಇಂಜಿನ್ ಕಂಪ್ಯೂಟರಿಗೆ ತಿಳಿಸುವ ಎರಡು ಆಕ್ಸಿಜನ್ ಸೆನ್ಸರುಗಳಲ್ಲಿ ಇಂಜಿನಿಗೆ ಹತ್ತಿರವಿರುವ ಮುಂದಿನದು ನಿಧಾನವಾಗಿ ಸ್ಪಂದಿಸುತ್ತಿದೆ ಎಂಬ ಸೂಚನೆ. ಅದರ ಕೆಳಗೇ ಆ್ಯಪ್ ‘ಸೆನ್ಸರ್ ಬದಲಿಸಿ’ ಎಂದು ಸಲಹೆಯನ್ನೂ ಕೊಟ್ಟಿತು. ಪರೀಕ್ಷಿಸಿ ನೋಡದೆ ಈ ಸಲಹೆಯನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಸೆನ್ಸರಿಗಿಂತ ಮೊದಲು ಹೊಗೆ ಕೊಳವೆಯಲ್ಲಿ ಸಣ್ಣ ಬಿರುಕಿದ್ದು ಹೊರಗಿನ ಗಾಳಿ ಒಳನುಗ್ಗುತ್ತಿದ್ದರೂ ಒಳ್ಳೆಯ ಸೆನ್ಸರೇ ತಪ್ಪು ಹೇಳುವಂತೆ ಕಾಣುತ್ತದೆ.

ಮೊದಲು ಕೂಲೆಂಟ್ ಉಷ್ಣತೆಯನ್ನು ನೋಡಿದೆ. ಕೂಲೆಂಟ್ ಹರಿವನ್ನು ನಿಯಂತ್ರಿಸುವ ಥರ್ಮೋಸ್ಟಾಟ್ ತೆರೆದೇ ನಿಂತು ಇಂಜಿನ್ ಸರಿಯಾಗಿ ಬಿಸಿಯಾಗದಿದ್ದರೂ ಪೆಟ್ರೋಲ್ ಹೆಚ್ಚು ಖರ್ಚಾಗುತ್ತದೆ. ನನ್ನ ಕಾರಿನಲ್ಲಿ ಅದು 90 ಡಿಗ್ರಿ ಮುಟ್ಟಿ ಅಲ್ಲೇ ನಿಂತಿತು. ಬಳಿಕ ನೋಡಿದ್ದು ಫ್ಯೂಯಲ್ ಟ್ರಿಮ್. ತನ್ನ ಮೂಲ ಲೆಕ್ಕಕ್ಕೆ ಹೋಲಿಸಿದರೆ ಇಂಜಿನ್ ಕಂಪ್ಯೂಟರ್ ಶೇಕಡಾ ಎಷ್ಟು ಇಂಧನವನ್ನು ಹೆಚ್ಚಿಸುತ್ತಿದೆ ಅಥವಾ ತಗ್ಗಿಸುತ್ತಿದೆ ಎಂಬುದನ್ನು ಈ ಅಂಕಿ ಹೇಳುತ್ತದೆ. ದೀರ್ಘಾವಧಿಯ ಟ್ರಿಮ್ ಸೊನ್ನೆಯ ಆಸುಪಾಸಿನಲ್ಲಿರಬೇಕು. ನನ್ನದು ಐಡಲಿನಲ್ಲಿಯೂ (ಕಾರು ನಿಂತು ಇಂಜಿನ್ ಮಾತ್ರ ಓಡುವಾಗ) 2500 ಆರ್‌ಪಿಎಂನಲ್ಲಿಯೂ ಶೇಕಡಾ 18ರಷ್ಟು ಮೇಲಿತ್ತು. ಮೈಲೇಜ್ 16ರಿಂದ 13.5ಕ್ಕೆ ಇಳಿದಿದೆಯೆಂದರೆ ಅದೇ ದೂರಕ್ಕೆ ಹೆಚ್ಚು ಕಡಿಮೆ ಅಷ್ಟೇ ಪ್ರಮಾಣದ ಇಂಧನ ಹೆಚ್ಚಾಗಿ ಸುಡುತ್ತಿದೆ ಎಂದರ್ಥ. ಇಂಜಿನಿಗೆ ಗಾಳಿ ಒಯ್ಯುವ ಇಂಟೇಕ್ ಮ್ಯಾನಿಫೋಲ್ಡಿನಲ್ಲಿ ಗಾಳಿ ಸೋರುತ್ತಿದ್ದರೆ ಐಡಲಿನಲ್ಲಿ ಏರಿದ ಟ್ರಿಮ್ ಇಂಜಿನ್ ವೇಗ ಹೆಚ್ಚಿದಂತೆ ಇಳಿಯಬೇಕಿತ್ತು, ಹಾಗಾಗಲಿಲ್ಲ.

ಮುಂದಿನ ಸೆನ್ಸರೇ ತಪ್ಪು ಹೇಳಿ ಕಂಪ್ಯೂಟರಿನಿಂದ ಇಂಧನ ಹೆಚ್ಚಿಸುತ್ತಿದೆ ಎಂಬ ನನ್ನ ಅನುಮಾನವನ್ನು ಖಚಿತಪಡಿಸಿದ್ದು ಎರಡು ಸೆನ್ಸರುಗಳ ವೋಲ್ಟೇಜ್ ಗೆರೆಗಳು. ನನ್ನ ಕಾರಿನಲ್ಲಿರುವ ಜಿರ್ಕೋನಿಯಾ ಸೆನ್ಸರ್ ಸುಮಾರು 300 ಡಿಗ್ರಿಗಿಂತ ಹೆಚ್ಚು ಬಿಸಿಯಾದ ಮೇಲೆ ಕೆಲಸ ಮಾಡುತ್ತದೆ; ಹೊಗೆಯಲ್ಲಿ ಆಮ್ಲಜನಕ ಹೆಚ್ಚಿದ್ದರೆ 0.1 ವೋಲ್ಟಿನತ್ತಲೂ, ಕಡಿಮೆಯಿದ್ದರೆ 0.9 ವೋಲ್ಟಿನತ್ತಲೂ ವಾಲುತ್ತದೆ. ಗಾಳಿ ಮತ್ತು ಪೆಟ್ರೋಲ್ 14.7ಕ್ಕೆ 1ರ ತೂಕದ ಪ್ರಮಾಣದಲ್ಲಿ ಬೆರೆತಾಗ ಅದು 0.45ರ ಗಡಿಯನ್ನು ದಾಟುತ್ತದೆ. ಆದ್ದರಿಂದ ಆರೋಗ್ಯವಂತ ಸೆನ್ಸರಿನ ಗೆರೆ ಈ ಗಡಿಯ ಮೇಲೂ ಕೆಳಗೂ ಬಿಡುವಿಲ್ಲದೆ ಜಿಗಿಯುತ್ತಿರಬೇಕು. ನನ್ನ ಮುಂದಿನ ಸೆನ್ಸರ್ 0.1 ಮತ್ತು 0.3ರ ನಡುವೆ ತೆವಳುತ್ತಾ ‘ಇಂಧನ ಸಾಲದು’ ಎನ್ನುತ್ತಿದ್ದರೆ, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿನ ಆಚೆಗಿದ್ದ ಹಿಂದಿನ ಸೆನ್ಸರ್ 0.8ರಲ್ಲಿ ಸ್ಥಿರವಾಗಿ ನಿಂತು ‘ಇಂಧನ ಹೆಚ್ಚಾಗಿದೆ’ ಎನ್ನುತ್ತಿತ್ತು. ಒಂದೇ ಹೊಗೆಯ ಬಗ್ಗೆ ಎರಡು ಸಾಕ್ಷಿಗಳು ಹೀಗೆ ತದ್ವಿರುದ್ಧವಾಗಿ ನುಡಿದಾಗ ತಪ್ಪು ಯಾರದೆಂದು ತಿಳಿಯಲು ಆ್ಯಕ್ಸಿಲರೇಟರನ್ನು ಫಕ್ಕನೆ ಒತ್ತಿ ನೋಡಿದೆ. ಆಗ ಮುಂದಿನ ಗೆರೆ ಕಣ್ಣು ಮಿಟುಕಿಸುವಷ್ಟರಲ್ಲಿ 0.8ರ ಮೇಲೆ ಹಾರಬೇಕು. ಅದು ಮೂರು ಸೆಕೆಂಡು ತೆಗೆದುಕೊಂಡು 0.6ಕ್ಕೆ ಬಂದು ನಿಂತಿತು. ತಣ್ಣಗಿನ ಇಂಜಿನ್ ಚಾಲೂ ಮಾಡಿ ಹೊಗೆ ಹೊರಬರುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಳಿ ಕಿವಿಗೊಟ್ಟು ಕೇಳಿದಾಗ ಸೋರಿಕೆಯ ಟಿಕ್ ಟಿಕ್ ಸದ್ದೂ ಇರಲಿಲ್ಲ. ಸೆನ್ಸರನ್ನು ಬಿಸಿ ಮಾಡುವ ಹೀಟರಿನ ರೋಧವನ್ನು ಮಲ್ಟಿಮೀಟರಿನಿಂದ ಅಳೆದಾಗ ಸರಿಯಾಗಿಯೇ ಇತ್ತು. ಸೆನ್ಸರಿಗೆ ವಯಸ್ಸಾಗಿತ್ತು, ಅಷ್ಟೇ.

ಕಳಚಿದಾಗ ಅದರ ತುದಿಯ ತುಂಬ ಒಣ ಕಪ್ಪು ಮಸಿ ಹಿಡಿದಿತ್ತು. ಹೊಸದನ್ನು ಹಾಕಿ, ಹಳೆಯ ಟ್ರಿಮ್ ಅಳಿಸಿ, ನಾಲ್ಕಾರು ದಿನ ಓಡಿಸಿದ ಮೇಲೆ ದೀರ್ಘಾವಧಿಯ ಟ್ರಿಮ್ ಶೇಕಡಾ 3ರೊಳಗೆ ಬಂತು, ಮೈಲೇಜ್ 15.8ಕ್ಕೆ ಮರಳಿತು. ಇನ್ನೂ ಕೆಲವು ತಿಂಗಳು ಹಾಗೆಯೇ ಬಿಟ್ಟಿದ್ದರೆ ಅತಿಯಾದ ಇಂಧನ ಕ್ಯಾಟಲಿಟಿಕ್ ಕನ್ವರ್ಟರನ್ನೂ ಬಲಿ ತೆಗೆದುಕೊಳ್ಳುತ್ತಿತ್ತೇನೋ ಎಂಬ ಆತಂಕ ನನಗೆ ಈಗಲೂ ಇದೆ.

ಈ ಸ್ಕ್ಯಾನರಿನಲ್ಲಿ ಕೊರತೆಗಳಿಲ್ಲವೆಂದಲ್ಲ. ಒಂದೇ ಪರದೆಯಲ್ಲಿ ಆರೇಳು ಅಂಕಿಗಳನ್ನು ಕೇಳಿದರೆ ಅದು ಪ್ರತಿಯೊಂದನ್ನೂ ಸರದಿಯಲ್ಲಿ ತರುವುದರಿಂದ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಕಂಡು, ಚುರುಕಾದ ಸೆನ್ಸರೂ ಮಂದವಾದಂತೆ ತೋರುತ್ತದೆ. ಮುಂದಿನ ಸೆನ್ಸರಿನ ವೋಲ್ಟೇಜನ್ನು ನೋಡುವಾಗ ಉಳಿದೆಲ್ಲವನ್ನೂ ಪರದೆಯಿಂದ ತೆಗೆದುಹಾಕಬೇಕು. ಮುಂದಿನ ಸ್ಥಾನದಲ್ಲಿ ಗಾಳಿ-ಇಂಧನದ ಪ್ರಮಾಣವನ್ನೇ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಇರುವ ಕಾರುಗಳಿಗೆ ಮೇಲಿನ ವೋಲ್ಟೇಜ್ ಲೆಕ್ಕ ಅನ್ವಯಿಸುವುದಿಲ್ಲ ಎಂಬುದನ್ನು ಜೊತೆಗೆ ಬಂದ ಕೈಪಿಡಿ ಎಲ್ಲಿಯೂ ಹೇಳಿಲ್ಲ, ಇದು ಸಣ್ಣ ಲೋಪವಲ್ಲ. ಸಾಕೆಟ್ಟಿನಲ್ಲಿ ಬ್ಯಾಟರಿಯ ಸಂಪರ್ಕ ಸದಾ ಇರುವುದರಿಂದ ಕೀಲಿ ತೆಗೆದ ಮೇಲೂ ಸಾಧನದ ದೀಪ ಉರಿಯುತ್ತಲೇ ಇರುತ್ತದೆ. ಕಾರನ್ನು ದಿನಗಟ್ಟಲೆ ನಿಲ್ಲಿಸುವವರು ಅದನ್ನು ಕಿತ್ತಿಡಬೇಕು, ಇಲ್ಲವೇ ಸ್ವಿಚ್ ಇರುವ ಮಾದರಿಯನ್ನೇ ಕೊಳ್ಳಬೇಕು.